ತಂತ್ರಾಂಶ ಬಿದ್ದಾಗ ಉಳಿಯುವ ಹಾಡು

ನನ್ನ ಬಳಿ ಒಂದೇ ಹಾಡಿನ ಎರಡು ಧ್ವನಿಮುದ್ರಿಕೆಗಳಿವೆ. ಹಾಡಿದವರು ಒಬ್ಬರೇ ತಾಯಿ. ಮುದ್ರಿಸಿದ್ದು ಗಂಗಾವತಿಯ ಒಂದೇ ಕೋಣೆಯಲ್ಲಿ, 2012ರ ಒಂದೇ ಮಧ್ಯಾಹ್ನ, ಮುಕ್ಕಾಲು ಗಂಟೆಯ ಅಂತರದಲ್ಲಿ. ಮೊದಲನೆಯದು ಆರು ನಿಮಿಷ ನಡೆದು, ಒಂದು ಸಾಲಿನ ನಡುವೆ ಕತ್ತರಿಸಿದಂತೆ ನಿಲ್ಲುತ್ತದೆ. ಎರಡನೆಯದು ನಾಲ್ಕು ನಿಮಿಷದ್ದು. ಅದಕ್ಕೆ ಆರಂಭವಿದೆ, ಅಂತ್ಯವಿದೆ, ಹಿನ್ನೆಲೆಯಲ್ಲಿ ಕೀಬೋರ್ಡಿನ ಇಂಪಾದ ಹಾಸು ಇದೆ. ಅದು ಸಿ.ಡಿ.ಯಾಗಿಯೂ ಹೊರಬಂದಿತು. ಮೊದಲನೆಯದನ್ನು ಕೇಳಿದವರು ಐದಾರು ಮಂದಿ ಇರಬಹುದು. ಈ ಎರಡು ಮುದ್ರಿಕೆಗಳನ್ನೂ, ಅವೆರಡೂ ಹೀಗಾಗಲು ಕಾರಣವಾದ ಗಣಕಯಂತ್ರದ ತಂತ್ರಾಂಶವನ್ನೂ ವಿಮರ್ಶೆಗೆ ಒಡ್ಡುವುದು ಈ ಬರಹದ ಉದ್ದೇಶ. ತಂತ್ರಾಂಶವೂ ವಿಮರ್ಶೆಯ ವಸ್ತುವೇ ಎಂದು ಯಾರಾದರೂ ಕೇಳಿಯಾರು. ಹಾಡಿನ ಸ್ವರ, ಲಯ, ಉದ್ದ, ಕೊನೆಗೆ ಅದು ಉಳಿಯಬೇಕೋ ಬೇಡವೋ ಎಂಬುದನ್ನೂ ಅದು ನಿರ್ಧರಿಸುವ ಕಾಲದಲ್ಲಿ ನಾವಿದ್ದೇವೆ. ಗಾಯಕರನ್ನು ವಿಮರ್ಶಿಸಿ ಅದನ್ನು ಸುಮ್ಮನೆ ಬಿಡುವುದು ನ್ಯಾಯವಾಗಲಾರದು.

ಯಲಬುರ್ಗಾ ಮತ್ತು ಕುಷ್ಟಗಿ ತಾಲ್ಲೂಕುಗಳ ಬೀಸುವ ಪದಗಳನ್ನು ಸಂಗ್ರಹಿಸಬೇಕೆಂದು ಕೊಪ್ಪಳದ ನಾವು ಕೆಲವು ಗೆಳೆಯರು ಆಗ ಓಡಾಡುತ್ತಿದ್ದೆವು. ಊರೂರಿಗೆ ಹಿಟ್ಟಿನ ಗಿರಣಿ ಬಂದ ಮೇಲೆ ಬೀಸುಕಲ್ಲುಗಳು ಹಿತ್ತಿಲ ಗೋಡೆಗೆ ಒರಗಿದವು. ಪದಗಳು ಮಾತ್ರ ಅರವತ್ತು ಎಪ್ಪತ್ತು ದಾಟಿದ ತಾಯಂದಿರ ಗಂಟಲಿನಲ್ಲಿ ಉಳಿದಿದ್ದವು. ನಾವು ಕಂಡ ಈ ತಾಯಿ ಯಲಬುರ್ಗಾ ಸೀಮೆಯ ಎರೆಹೊಲದ ಊರಿನವರು. ಮಳೆ ಕೈಕೊಟ್ಟ ವರ್ಷಗಳಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ಗಂಗಾವತಿ ಕಡೆಗೆ ಭತ್ತದ ನಾಟಿಗೆಂದು ಬಂದು ಹೋಗುತ್ತಿದ್ದವರು. ಒಣ ತಾಲ್ಲೂಕಿನ ಹಾಡುಗಳು ನೀರಾವರಿಯ ಗದ್ದೆಗೆ ಇಳಿದದ್ದು ಹೀಗೆ, ಕೂಲಿಯ ಜೊತೆಗೆ. ‘ಗಂಗಾವತಿ ನನಗ ಹೊಸದೇನಲ್ಲ’ ಎಂದು ನಮ್ಮೊಡನೆ ಬಸ್ಸು ಹತ್ತಿದರು.

ಸ್ಟುಡಿಯೋ ಎಂದರೆ ಅಕ್ಕಿ ಗಿರಣಿಗಳ ಸದ್ದಿನಿಂದ ಒಂದಿಷ್ಟು ದೂರದ ಮಹಡಿಯ ಮೇಲಿನ ಒಂದು ಕೋಣೆ. ಗೋಡೆಗೆ ಹಳೆಯ ಕೌದಿಗಳನ್ನು ತೂಗುಹಾಕಿದ್ದರು. ಪ್ರತಿಧ್ವನಿ ಹೀರಲು ಕೌದಿಗಿಂತ ಅಗ್ಗದ ಸಾಧನ ನಮ್ಮ ಕಡೆ ಇಲ್ಲ, ಬಹುಶಃ ಅದಕ್ಕಿಂತ ಒಳ್ಳೆಯದೂ ಇಲ್ಲ. ಸಾಲ ಮಾಡಿ ಅದನ್ನು ಕಟ್ಟಿದ ಯುವಕನಿಗೆ ಇಪ್ಪತ್ತೈದು ದಾಟಿರಲಿಲ್ಲ. ಜಾತ್ರೆಯ ಭಕ್ತಿಗೀತೆ, ಚುನಾವಣೆಯ ಪ್ರಚಾರದ ಹಾಡು, ಮೊಹರಮ್ಮಿನ ರಿವಾಯತ್ ಪದ, ಗಾನವೃಂದಗಳ ಕ್ರಿಸ್ಮಸ್ ಗೀತೆ, ಎಲ್ಲವೂ ಅವನ ಕೈಯಲ್ಲಿ, ಅದೇ ಯಂತ್ರದಲ್ಲಿ ಮುದ್ರಣವಾಗುತ್ತಿದ್ದವು. ಒಳ್ಳೆಯ ಕಿವಿಯುಳ್ಳ ಹುಡುಗ.

ತಾಯಿ ಗಾಜಿನ ಆಚೆ ಕುಳಿತು ಹಾಡಲಾರಂಭಿಸಿದರು. ಕೆಲವು ನಿಮಿಷ ಎಲ್ಲವೂ ಸರಿಯಿತ್ತು. ಆಮೇಲೆ ಪರದೆಯ ಮೇಲೆ ಓಡುತ್ತಿದ್ದ ಗೆರೆ ನಿಂತಿತು. ಕಿಟಕಿಯ ಬಣ್ಣ ಬಿಳಿಚಿಕೊಂಡಿತು. ತಂತ್ರಾಂಶ ಸ್ಪಂದಿಸುತ್ತಿಲ್ಲ ಎಂಬ ಸೂಚನೆ ಮೇಲ್ತುದಿಯಲ್ಲಿ ಮೂಡಿತು. ಯುವಕ ಮೌಸನ್ನು ಆಡಿಸಿದ, ಕೀಲಿಗಳನ್ನು ಒತ್ತಿದ, ಬೆವರಿದ. ತಾಯಿಗೆ ಇದಾವುದೂ ತಿಳಿಯದು. ಅವರು ಕಣ್ಣು ಮುಚ್ಚಿ ಹಾಡುತ್ತಲೇ ಇದ್ದರು. ಅವರನ್ನು ತಡೆಯುವ ಧೈರ್ಯ ನಮ್ಮಲ್ಲಿ ಯಾರಿಗೂ ಆಗಲಿಲ್ಲ. ಸತ್ತ ಯಂತ್ರದ ಮುಂದೆ ಒಂದು ಹಾಡು ಕೊನೆಯವರೆಗೂ ನಡೆದು ಮುಗಿಯಿತು.

‘ಆತೇನ್ ತಮ್ಮಾ?’ ಎಂದರು.

‘ಯವ್ವಾ, ಇನ್ನೊಮ್ಮಿ ಹಾಡಬೇಕಾಗತೈತಿ.’

‘ಯಾಕ, ಎಲ್ಲರ ತಪ್ಪಿದ್ನೇನು?’

ಅವನು ಇಲ್ಲವೆಂದ. ನಾವೆಲ್ಲರೂ ಇಲ್ಲವೆಂದೆವು. ಆದರೆ ಅವರ ಮುಖ ನಂಬಿದಂತೆ ಕಾಣಲಿಲ್ಲ. ಓದು ಬರಹವಿಲ್ಲದ ಹೆಂಗಸಿಗೆ, ಅಷ್ಟೊಂದು ದೀಪಗಳು ಮಿನುಗುವ ಯಂತ್ರ ತಪ್ಪೀತೆಂದು ನಂಬುವುದಕ್ಕಿಂತ ತಾನು ತಪ್ಪಿದೆನೆಂದು ನಂಬುವುದು ಸುಲಭ. ಯಂತ್ರದ ದೋಷ ಹೀಗೆ ಸದ್ದಿಲ್ಲದೆ ಮನುಷ್ಯರ ಹೆಗಲಿಗೆ ವರ್ಗವಾಗುತ್ತದೆ. ಬೇಸರಗಳಲ್ಲಿ ದೊಡ್ಡ ಬೇಸರ ಇದೇ. ಉಳಿದದ್ದು, ಅಂದರೆ ವ್ಯರ್ಥವಾದ ಸಮಯ, ಹೋದ ಬಾಡಿಗೆ, ಕರೆಂಟು ಬಂದು ಹೋಗುವ ರಗಳೆ, ನಮ್ಮ ಕಡೆ ಯಾರಿಗೂ ಹೊಸದಲ್ಲ.

ಎರಡನೆಯ ಸಲ ಅಪಾಯ ಬೇಡವೆಂದು ಯುವಕ ಅವರ ಕಿವಿಗೆ ಹೆಡ್‌ಫೋನು ಹಾಕಿ, ಟಿಕ್ ಟಿಕ್ ಎಂದು ಸಮನಾಗಿ ಬಡಿಯುವ ಕ್ಲಿಕ್ಕನ್ನು ಕೇಳಿಸಿದ. ಅದಕ್ಕೆ ಸರಿಯಾಗಿ ಹಾಡಿದರೆ ಮುಂದೆ ತಾಳ, ವಾದ್ಯ ಸೇರಿಸುವುದು ಸುಲಭ. ಎಲ್ಲಿಯಾದರೂ ನಿಂತರೆ ಅಲ್ಲಿಂದಲೇ ಮುಂದುವರಿಸಬಹುದು. ತಾಯಿ ವಿಧೇಯರಾಗಿ ಹಾಡಿದರು. ನಾಲ್ಕು ನಿಮಿಷಕ್ಕೆ ಮುಗಿಸಿದರು. ಮರೆತಿರೇನೋ ಎಂದು ಕೇಳಿದರೆ, ‘ಇಷ್ಟ ಸಾಕು ಬಿಡ್ರಿ’ ಎಂದರು. ಅನಂತರ ಅದಕ್ಕೆ ಸ್ವರ ತಿದ್ದುವ ಉಪಕರಣ ತಾಗಿಸಿ, ಕೀಬೋರ್ಡು ಬೆರೆಸಿ, ಸಿ.ಡಿ. ಸಿದ್ಧವಾಯಿತು. ನಾನೇ ಅದರ ಹಿಂಬದಿಗೆ ನಾಲ್ಕು ಮಾತು ಬರೆದೆ. ಆ ಮಾತುಗಳನ್ನು ಈಗ ಓದಲು ಸಂಕೋಚವಾಗುತ್ತದೆ.

ಮೊದಲ ಹಾಡು ಸಿಕ್ಕಿದ್ದು ಎರಡು ವರ್ಷದ ಅನಂತರ. 2014ರ ಏಪ್ರಿಲಿನಲ್ಲಿ ವಿಂಡೋಸ್ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದಾಗ ಯುವಕ ಹೊಸ ಗಣಕಯಂತ್ರ ಕೊಂಡ. ಹಳೆಯ ಹಾರ್ಡ್‌ಡಿಸ್ಕನ್ನು ಖಾಲಿಮಾಡುವಾಗ ಆ ದಿನದ ತಾರೀಖಿನ ಒಂದು ವೇವ್ ಕಡತ ಕಣ್ಣಿಗೆ ಬಿತ್ತು. ತೆರೆದರೆ ಉದ್ದ ಸೊನ್ನೆ ಸೆಕೆಂಡು ಎಂದು ತೋರಿಸಿತು. ಆದರೆ ಅದರ ಗಾತ್ರ ಸುಮಾರು 32 ಮೆಗಾಬೈಟು. ಲೆಕ್ಕ ಸರಳ: ಸಿ.ಡಿ.ಯ ಮಟ್ಟದಲ್ಲಿ ಒಂದೇ ಮೈಕಿನ ಧ್ವನಿ ಸೆಕೆಂಡಿಗೆ 44,100 ಮಾದರಿಗಳಾಗಿ, ಒಂದೊಂದು ಮಾದರಿ ಎರಡು ಬೈಟಿನಂತೆ, ನಿಮಿಷಕ್ಕೆ ಐದು ಮೆಗಾಬೈಟಿಗಿಂತ ತುಸು ಹೆಚ್ಚು ಜಾಗ ಹಿಡಿಯುತ್ತದೆ. ಮೂವತ್ತೆರಡೆಂದರೆ ಆರು ನಿಮಿಷ. ಖಾಲಿ ಕಡತಕ್ಕೆ ಇಷ್ಟು ಭಾರ ಎಲ್ಲಿಂದ ಬರಬೇಕು?

ವೇವ್ ಕಡತದ ತಲೆಭಾಗದಲ್ಲಿ, ಒಳಗೆ ಎಷ್ಟು ಧ್ವನಿಯಿದೆ ಎಂಬ ಸಂಖ್ಯೆ ಇರುತ್ತದೆ. ಸಾಮಾನ್ಯವಾಗಿ ಅದನ್ನು ಬರೆಯುವುದು ಮುದ್ರಣ ಮುಗಿದು ಕಡತ ಮುಚ್ಚುವಾಗ. ನಡುವೆ ತಂತ್ರಾಂಶ ಸತ್ತರೆ ಧ್ವನಿಯೆಲ್ಲ ತಟ್ಟೆಯ ಮೇಲೆ ಬಿದ್ದಿದ್ದರೂ ಲೆಕ್ಕ ಸೊನ್ನೆಯಾಗಿಯೇ ಉಳಿಯುತ್ತದೆ. ಕಣಜದಲ್ಲಿ ಜೋಳವಿದ್ದು ಖಾತೆ ಪುಸ್ತಕದಲ್ಲಿ ಏನೂ ಇಲ್ಲದ ಹಾಗೆ. ಅಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ, ತಲೆಭಾಗವನ್ನು ನಂಬದೆ ಒಳಗಿನ ದತ್ತಾಂಶವನ್ನು ಹಸಿಯಾಗಿಯೇ ಓದಿಸುವ ದಾರಿಯೊಂದಿದೆ. ಹಾಗೆ ಓದಿಸಿದಾಗ ಮೊದಲು ಒಂದು ಚಿಟಿಕೆ ಗೊರಗೊರ, ಆಮೇಲೆ ಬಳೆಯ ಸದ್ದು, ಆಮೇಲೆ ತಾಯಿಯ ಧ್ವನಿ.

ಈಗ ಎರಡನ್ನೂ ಹೋಲಿಸುತ್ತೇನೆ.

ಬೀಸುವ ಪದದ ಲಯ ಗಾಯಕಿಯದಲ್ಲ, ಕಲ್ಲಿನದು. ಗೂಟ ಹಿಡಿದು ತಿರುಗಿಸುವ ಕೈ ತನ್ನ ಕಡೆಗೆ ಬರುವಾಗ ಒಂದು ಬಗೆ, ದೂರ ಹೋಗುವಾಗ ಇನ್ನೊಂದು ಬಗೆ. ಬಾಯಿಗೆ ಹೊಸ ಮುಷ್ಟಿ ಜೋಳ ಹಾಕಿದ ಕೂಡಲೇ ಕಲ್ಲು ಭಾರವಾಗಿ ನಿಧಾನಿಸುತ್ತದೆ. ಕಾಳು ನುರಿದಂತೆಲ್ಲ ಹಗುರಾಗಿ ವೇಗ ಪಡೆಯುತ್ತದೆ. ಮತ್ತೆ ಕಾಳು, ಮತ್ತೆ ನಿಧಾನ. ಮೊದಲ ಮುದ್ರಿಕೆಯಲ್ಲಿ ಬೀಸುಕಲ್ಲೇ ಇಲ್ಲ, ಆದರೂ ಅದು ಕೇಳಿಸುತ್ತದೆ. ಎರಡೆರಡು ನುಡಿಗೊಮ್ಮೆ ಹಾಡು ತುಸು ಕುಗ್ಗಿ ಮತ್ತೆ ಏರುತ್ತದೆ. ಅರವತ್ತು ವರ್ಷ ತೋಳಿನಲ್ಲಿದ್ದ ಕಲ್ಲು ಆ ಕೌದಿಯ ಕೋಣೆಯಲ್ಲೂ ತಿರುಗುತ್ತಿತ್ತು. ಎರಡನೆಯದರಲ್ಲಿ ಟಿಕ್ ಟಿಕ್ ಕಿವಿಗೆ ಬಿದ್ದೊಡನೆ ಕಲ್ಲು ನಿಂತುಹೋಗಿದೆ. ಮೊದಲ ನುಡಿಯೂ ಕೊನೆಯ ನುಡಿಯೂ ಒಂದೇ ನಡಿಗೆ. ತಾಯಿ ಏಕೆ ನಾಲ್ಕೇ ನಿಮಿಷಕ್ಕೆ ‘ಸಾಕು’ ಎಂದರೆಂದು ನನಗೆ ಅರ್ಥವಾಗಿದ್ದು ಆಗ. ಬೀಸುವ ಕೆಲಸವೇ ಇಲ್ಲದ ಮೇಲೆ ಪದ ಯಾವುದಕ್ಕಾಗಿ ಮುಂದುವರಿಯಬೇಕು?

ಇದು ಭಾವುಕತೆಯ ಮಾತಲ್ಲ, ಛಂದಸ್ಸಿನ ಮಾತು. ಈ ಪದಗಳು ತ್ರಿಪದಿಯಲ್ಲಿವೆ. ತ್ರಿಪದಿ ಅಂಶಗಣದ ಛಂದಸ್ಸು: ಹನ್ನೊಂದು ಗಣಗಳು, ಆರನೆಯದೂ ಹತ್ತನೆಯದೂ ಬ್ರಹ್ಮಗಣ, ಉಳಿದವು ವಿಷ್ಣುಗಣ. ಮಾತ್ರಾಗಣದಂತೆ ಇಲ್ಲಿ ಪ್ರತಿ ಅಕ್ಷರಕ್ಕೂ ಬಿಗಿಯಾದ ಅಳತೆಯಿಲ್ಲ. ಹಾಡುವವರು ಅಗತ್ಯಕ್ಕೆ ತಕ್ಕಂತೆ ಎಳೆಯಲು, ಒತ್ತಲು ಅದು ಎಡೆಮಾಡಿಕೊಡುತ್ತದೆ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ, ಸುಮಾರು ಕ್ರಿ.ಶ. 700ರಲ್ಲಿ, ಕಲ್ಲಿನ ಮೇಲೆ ಕಾಣಿಸಿಕೊಂಡ ಛಂದಸ್ಸಿದು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಕೊಪಣ ನಗರವನ್ನೂ ಹೆಸರಿಸುತ್ತದೆ. ಆ ಕೊಪಣವೇ ಇಂದಿನ ಕೊಪ್ಪಳ. ನಮ್ಮ ಸೀಮೆಯ ಹೆಂಗಸಿನ ಕಿವಿಗೆ ನಾವು ತೊಡಿಸಿದ್ದು ಅಲುಗದ ಅಳತೆಪಟ್ಟಿ. ಜರ್ಮನಿಯಿಂದ ಬಂದ ಕಿಟ್ಟೆಲರು 1862ರಲ್ಲಿ ಯೇಸುವಿನ ಚರಿತ್ರೆಯನ್ನು ಹೇಳಲು ‘ಕಥಾಮಾಲೆ’ ರಚಿಸಿದಾಗ ತಮ್ಮ ನಾಡಿನ ರಾಗಗಳ ಅಚ್ಚಿಗೆ ಕನ್ನಡವನ್ನು ಎರೆಯದೆ ಇಲ್ಲಿಯ ಛಂದಸ್ಸಿಗೇ ತಲೆಬಾಗಿದರು. ಪರದೇಶದವರಿಗೆ ಹೊಳೆದದ್ದು ನಮಗೆ ಹೊಳೆಯಲಿಲ್ಲ.

ಸ್ವರದ ವಿಷಯ ಇನ್ನೂ ಸೂಕ್ಷ್ಮ. ಮೊದಲ ಮುದ್ರಿಕೆಯಲ್ಲಿ ಪ್ರತಿ ನುಡಿಯ ಮೂರನೆಯ ಸಾಲು ಇಳಿಯುವಾಗ ತಾಯಿಯ ಧ್ವನಿ ಗಾಂಧಾರಕ್ಕೂ ರಿಷಭಕ್ಕೂ ನಡುವೆ ಎಲ್ಲೋ ಒಂದು ಗಳಿಗೆ ನಿಂತು ಜಾರುತ್ತದೆ. ಪದದ ದುಃಖವೆಲ್ಲ ಇರುವುದು ಆ ನಡುಜಾಗದಲ್ಲಿ. ಎರಡನೆಯದರಲ್ಲಿ ಉಪಕರಣ ಅದನ್ನು ತಪ್ಪೆಂದು ಬಗೆದು, ಹತ್ತಿರದ ಮನೆಗೆ ಎಳೆದು ಕೂರಿಸಿದೆ. ಸ್ವರ ತಿದ್ದುವ ಇಂಥ ತಂತ್ರಾಂಶ, ಆಟೋಟ್ಯೂನ್, 1997ರಲ್ಲಿ ಬಂತು. ಅದನ್ನು ರೂಪಿಸಿದ ಆಂಡಿ ಹಿಲ್ಡೆಬ್ರಾಂಡ್ ಮೊದಲು ತೈಲ ಶೋಧನೆಗಾಗಿ ಭೂಕಂಪನದ ತರಂಗಗಳನ್ನು ಓದುತ್ತಿದ್ದವರು. ನೆಲದಾಳದ ತೈಲ ಹುಡುಕುವ ಗಣಿತಕ್ಕೆ ಗಂಟಲಿನಾಳದ ದುಃಖ ದೋಷವಾಗಿ ಕಂಡರೆ ಆಶ್ಚರ್ಯವೇನೂ ಇಲ್ಲ.

ಇಲ್ಲಿ ಓದುಗರು ಒಂದು ಆಕ್ಷೇಪ ಎತ್ತಬಹುದು. ಹಾರ್ಮೋನಿಯಂ ಬಂದಾಗಲೂ ಹೀಗೆಯೇ ಹೇಳಿದ್ದರಲ್ಲವೇ? ಹೇಳಿದ್ದರು. ಅದರ ಸ್ವರಗಳು ಕಟ್ಟಿಹಾಕಿದವು, ಸ್ವರದಿಂದ ಸ್ವರಕ್ಕೆ ಜಾರಲು ಬಾರದು ಎಂಬ ಕಾರಣಕ್ಕೆ ಆಕಾಶವಾಣಿ 1940ರಿಂದ 1971ರವರೆಗೆ ಅದನ್ನು ಹೊರಗಿಟ್ಟಿತ್ತು. ಆದರೆ ನಮ್ಮ ಸೀಮೆ ಆ ತೀರ್ಪಿಗೆ ಕಾಯಲಿಲ್ಲ. ಅದಕ್ಕೆ ‘ಪೇಟಿ’ ಎಂದು ಹೆಸರಿಟ್ಟು, ನಾಟಕ ಕಂಪನಿಯಲ್ಲಿ ಪೇಟಿ ಮಾಸ್ತರರಿಗೆ ರಾಜನಿಗಿಂತ ದೊಡ್ಡ ಪೀಠ ಕೊಟ್ಟು, ಭಜನೆಯ ಮನೆಯಲ್ಲಿ ತಾಳ ದಮ್ಮಡಿಗಳ ಪಕ್ಕದಲ್ಲಿ ಕೂರಿಸಿಕೊಂಡಿತು. ನಮ್ಮ ನೆರೆಯ ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳ (1914–2010) ಬೆರಳುಗಳಲ್ಲಿ ಅದೇ ಪೇಟಿ ಏನೆಲ್ಲ ನುಡಿಯಿತೆಂಬುದನ್ನು ಕೇಳಿದವರು ಬಲ್ಲರು. ಪ್ರತಿ ಯಂತ್ರವೂ ಹಾಡಿನಿಂದ ಒಂದಿಷ್ಟು ಸುಂಕ ವಸೂಲಿ ಮಾಡಿಯೇ ಮಾಡುತ್ತದೆ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದಾಗ ತಟ್ಟೆಯ ಮಿತಿಗಾಗಿ ರಾಗವೇ ಮೂರು ನಿಮಿಷಕ್ಕೆ ಇಳಿಯಬೇಕಾಯಿತು. ಆದ್ದರಿಂದ ಯಂತ್ರವನ್ನೇ ದೂರುವ ಹಳೆಯ ವ್ರತ ನನ್ನದಲ್ಲ.

ಆದರೂ ಪೇಟಿಗೂ ಈ ತಂತ್ರಾಂಶಕ್ಕೂ ಎರಡು ವ್ಯತ್ಯಾಸಗಳನ್ನು ಕಾಣುತ್ತೇನೆ. ಪೇಟಿ ಹಾಡುವವರ ಪಕ್ಕದಲ್ಲಿ ಕೂರುತ್ತದೆ, ಗಂಟಲಿನೊಳಕ್ಕೆ ಇಳಿಯುವುದಿಲ್ಲ. ಪೇಟಿ ಗಾಂಧಾರದಲ್ಲಿ ನಿಂತರೂ ಹಾಡುವವರು ಅದರ ಮಗ್ಗುಲಲ್ಲಿ ಜಾರಬಹುದು. ಎರಡನೆಯದು ದುರಸ್ತಿಯ ಮಾತು. ನಾಟಕದ ನಡುವೆ ಪೇಟಿಯ ಒಂದು ರೀಡು ಅಂಟಿಕೊಂಡು ಕುಂಯ್ಗುಟ್ಟಿದರೆ ಮಾಸ್ತರರು ಮುಚ್ಚಳ ತೆಗೆದು ಬೆರಳಿನಿಂದ ಮೀಟಿ, ಮುಂದಿನ ಪಾತ್ರ ಬರುವಷ್ಟರಲ್ಲಿ ಸರಿಮಾಡಿಕೊಳ್ಳುತ್ತಿದ್ದರು. ಒಂದು ರೀಡು ಕೆಟ್ಟರೆ ಒಂದು ಸ್ವರ ಹೋದೀತು; ಪೇಟಿಯೇ ಮೂಕವಾಗುವುದಿಲ್ಲ. ನಮ್ಮ ಯುವಕನ ಯಂತ್ರದಲ್ಲಿ ಆದದ್ದು ಇದಕ್ಕೆ ನೇರ ವಿರುದ್ಧ.

ಏಕೆ ಹಾಗಾಗುತ್ತದೆಂದು ಅವನೇ ನನಗೆ ವಿವರಿಸಿದ. ಮೂಲ ತಂತ್ರಾಂಶಕ್ಕೆ ಪ್ಲಗ್‌ಇನ್ ಎಂಬ ಚಿಕ್ಕ ಚಿಕ್ಕ ತಂತ್ರಾಂಶಗಳನ್ನು ಜೋಡಿಸುತ್ತಾರೆ. ಒಂದು ಕೊಳಲಾಗುತ್ತದೆ, ಒಂದು ಗುಮ್ಮಟದ ಪ್ರತಿಧ್ವನಿಯಾಗುತ್ತದೆ, ಒಂದು ಸ್ವರ ತಿದ್ದುತ್ತದೆ. ಜರ್ಮನಿಯ ಸ್ಟೈನ್‌ಬರ್ಗ್ ಸಂಸ್ಥೆ 1996ರಲ್ಲಿ ವಿ.ಎಸ್.ಟಿ. ಎಂಬ ಪದ್ಧತಿಯನ್ನು ಬಿಡುಗಡೆ ಮಾಡಿದ ಮೇಲೆ ಯಾರು ಬೇಕಾದರೂ ಇಂಥವನ್ನು ಬರೆಯುವಂತಾಯಿತು. ಅದರಿಂದ ಬಡ ಕೋಣೆಗೂ ನೂರು ವಾದ್ಯಗಳು ಬಂದವು. ಆದರೆ ಬಹುಪಾಲು ತಂತ್ರಾಂಶಗಳಲ್ಲಿ ಇವೆಲ್ಲ ಒಂದೇ ಗೋಡೆಯೊಳಗೆ, ಒಂದೇ ಜಾಗದ ಸ್ಮೃತಿಯಲ್ಲಿ ಬಾಳುತ್ತವೆ. ಒಬ್ಬನು ಎಡವಿದರೆ ಮನೆಯೇ ಬೀಳುತ್ತದೆ. ಕೊಳಲಿನ ದೋಷಕ್ಕೆ ಹಾಡುವವರ ಧ್ವನಿ ಬಲಿ. ಅಂದು ತಾಯಿ ಒಬ್ಬರೇ, ವಾದ್ಯವಿಲ್ಲದೆ ಹಾಡುತ್ತಿದ್ದರೂ ಹಿಂದಿನ ದಿನದ ಭಕ್ತಿಗೀತೆಯ ಹತ್ತಾರು ಪ್ಲಗ್‌ಇನ್‌ಗಳು ಅದೇ ಯೋಜನೆಯಲ್ಲಿ ತೆರೆದೇ ಇದ್ದವು. ಹೊಸದಾಗಿ ಆರಂಭಿಸುವ ಐದು ನಿಮಿಷವನ್ನು ಉಳಿಸಲು ಹೋಗಿ ಹಾಗಾಯಿತು.

ಆ ತಂತ್ರಾಂಶದ ಹೆಸರನ್ನು ನಾನು ಹೇಳುತ್ತಿಲ್ಲ. ಹೇಳುವ ಹಕ್ಕು ನಮಗಿಲ್ಲ, ಏಕೆಂದರೆ ಅದು ಕೊಂಡದ್ದಲ್ಲ. ಕೈಯಿಂದ ಕೈಗೆ ಪೆನ್‌ಡ್ರೈವಿನಲ್ಲಿ ಬಂದ ಬೀಗ ಒಡೆದ ಪ್ರತಿ. ಬೀಗ ಒಡೆದವನು ಒಳಗೆ ಇನ್ನೇನನ್ನು ಮುರಿದಿದ್ದನೋ ಯಾರು ಬಲ್ಲರು? ಕದ್ದ ಎತ್ತು ಹೊಲದಲ್ಲಿ ಮಲಗಿತೆಂದು ಯಾರ ಬಳಿ ದೂರು ಕೊಡುವುದು? ಯುವಕನೊಬ್ಬನನ್ನೇ ಇಲ್ಲಿ ಅಪರಾಧಿಯಾಗಿ ನಿಲ್ಲಿಸಲಾರೆ. ಕಡಿಮೆ ದರಕ್ಕೆ ಮುದ್ರಣವಾಗುತ್ತದೆಂದು ಹುಡುಕಿಕೊಂಡು ಹೋದವರು ನಾವು. ಆ ಕಡಿಮೆ ದರ ಎಲ್ಲಿಂದ ಬಂತೆಂದು ಕೇಳದೇ ಇದ್ದವರೂ ನಾವೇ. ಸಣ್ಣ ಊರಿನ ಸ್ಟುಡಿಯೋಗೆ ಪೂರ್ಣ ಬೆಲೆಯ ತಂತ್ರಾಂಶ ಹಲವು ತಿಂಗಳ ದುಡಿಮೆ ಎಂಬುದೂ ಸುಳ್ಳಲ್ಲ. ಆದರೆ ಬೇರೆ ದಾರಿಯೇ ಇಲ್ಲ ಎಂಬ ಮಾತು ಮಾತ್ರ ಆಗಲೂ ನಿಜವಾಗಿರಲಿಲ್ಲ.

ಬೇರೆ ದಾರಿಗಳನ್ನು ತೂಗಿ ನೋಡುವಾಗ ನಾವು ಸಾಮಾನ್ಯವಾಗಿ ಕೇಳುವುದು, ಇದರಲ್ಲಿ ಏನೇನು ಮಾಡಬಹುದು ಎಂದು. ನಾನೀಗ ಕೇಳುವ ಪ್ರಶ್ನೆ ಬೇರೆ: ಇದು ಬಿದ್ದಾಗ ಹಾಡಿನಲ್ಲಿ ಎಷ್ಟು ಉಳಿಯುತ್ತದೆ? ಬೀಳುವುದೆಂದರೆ ಪರದೆ ಸ್ತಬ್ಧವಾಗುವುದಷ್ಟೇ ಅಲ್ಲ, ಕಂಪನಿಯೇ ಮುಚ್ಚಿಹೋಗುವುದೂ ಹೌದು. ಕೇಕ್‌ವಾಕ್ ಎಂಬ ಹೆಸರು ನಮ್ಮ ಹಳೆಯ ಧ್ವನಿಮುದ್ರಕರಿಗೆ ಪರಿಚಿತ. 1987ರಲ್ಲಿ ಹುಟ್ಟಿ ಮೂರು ದಶಕ ಬಾಳಿದ ತಂತ್ರಾಂಶ. 2013ರಲ್ಲಿ ಅದು ಗಿಟಾರು ತಯಾರಿಸುವ ಗಿಬ್ಸನ್ ಸಂಸ್ಥೆಯ ಪಾಲಾಯಿತು. 2016ರಲ್ಲಿ ಒಮ್ಮೆ ಹಣ ಕೊಟ್ಟರೆ ಆಜೀವ ಪರ್ಯಂತ ಹೊಸ ಆವೃತ್ತಿ ಕೊಡುವೆವೆಂದು ಮಾರಿದರು. 2017ರ ನವೆಂಬರಿನಲ್ಲಿ ಅದರ ಅಭಿವೃದ್ಧಿಯನ್ನೇ ನಿಲ್ಲಿಸಿದರು. ಆಜೀವವೆಂದರೆ ಯಾರ ಜೀವ ಎಂಬುದನ್ನು ಕೊಂಡವರು ಮೊದಲೇ ಕೇಳಬೇಕಿತ್ತು. 2018ರಲ್ಲಿ ಸಿಂಗಪುರದ ಬ್ಯಾಂಡ್‌ಲ್ಯಾಬ್ ಅದನ್ನು ಕೊಂಡು ಉಚಿತವಾಗಿ ಹಂಚಿತು. 2023ರಲ್ಲಿ, ಹೊಸ ಹೆಸರಿನ ತಂತ್ರಾಂಶ ಬರುವುದೆಂದೂ ಉಚಿತದ್ದು ಕ್ರಮೇಣ ನಿಲ್ಲುವುದೆಂದೂ ಅದೇ ಸಂಸ್ಥೆ ಪ್ರಕಟಿಸಿತು. ಇದರಲ್ಲಿ ಯಾರದೂ ಮೋಸವಿದೆ ಎನ್ನುತ್ತಿಲ್ಲ. ಆದರೆ ಅದರ ಕಡತಗಳಲ್ಲಿ ಮಾತ್ರವೇ ತಮ್ಮ ಹಾಡುಗಳನ್ನು ಇಟ್ಟಿದ್ದವರು ಆ ವರ್ಷಗಳಲ್ಲಿ ನಿದ್ದೆ ಮಾಡಿರಲಾರರು.

ಉಚಿತವಾದದ್ದೆಲ್ಲ ಭದ್ರವೆಂಬ ಭ್ರಮೆಯೂ ಬೇಡ. 2000ದಲ್ಲಿ ಬಂದ ಅಡಾಸಿಟಿ ಮುಕ್ತ ತಂತ್ರಾಂಶ, ನಮ್ಮ ಹಾಡನ್ನು ಬದುಕಿಸಿದ್ದೂ ಅದೇ. ಆದರೆ ಅದರ ಹಳೆಯ ಆವೃತ್ತಿಗಳು ಯೋಜನೆಯ ಒಂದು ಚಿಕ್ಕ ಕಡತವನ್ನೂ, ಪಕ್ಕದಲ್ಲಿ ನೂರಾರು ತುಣುಕುಗಳ ಒಂದು ಕೋಶವನ್ನೂ ಮಾಡುತ್ತಿದ್ದವು. ತಿಳಿಯದವರು ಚಿಕ್ಕ ಕಡತವನ್ನಷ್ಟೇ ಪೆನ್‌ಡ್ರೈವಿಗೆ ಹಾಕಿಕೊಂಡು ಊರಿಗೆ ಹೋಗಿ ತೆರೆದರೆ ಒಳಗೆ ಮೌನ. ಕುಷ್ಟಗಿಯ ಶಿಕ್ಷಕ ಮಿತ್ರರೊಬ್ಬರು ಶಾಲಾ ಮಕ್ಕಳ ಹಾಡುಗಳನ್ನು ಹೀಗೆಯೇ ಕಳೆದುಕೊಂಡರು. 2021ರ ಮೂರನೆಯ ಆವೃತ್ತಿಯಿಂದ ಎಲ್ಲವೂ ಒಂದೇ ಕಡತದಲ್ಲಿ ಸೇರಿ ಈ ತೊಂದರೆ ತಪ್ಪಿತು. ಮೇಲಾಗಿ ಅದು ಮುದ್ರಿಸಿ ಕತ್ತರಿಸುವ ಕೆಲಸಕ್ಕೆ ಸೈ. ಇಪ್ಪತ್ತು ವಾದ್ಯಗಳ ಗೀತೆಯನ್ನು ಕಟ್ಟಲು ಅಷ್ಟಾಗಿ ಒಗ್ಗದು.

ಆ ಕೆಲಸಕ್ಕೆ ನಾನು ನೋಡಿದ್ದರಲ್ಲಿ ಎರಡು ಮನಸ್ಸಿಗೆ ಒಪ್ಪಿದವು. ಒಂದು ಪಾಲ್ ಡೇವಿಸ್ ಮತ್ತು ಜೊತೆಗಾರರ ಆರ್ಡರ್. ಮುಕ್ತ ತಂತ್ರಾಂಶವಿದು. ಧ್ವನಿಯನ್ನು ಸಾದಾ ವೇವ್ ಕಡತಗಳಾಗಿಯೇ ಬೇರೆ ಕೋಶದಲ್ಲಿ ಇಡುತ್ತದೆ. ಆರ್ಡರ್ ನಾಳೆ ಇಲ್ಲವಾದರೂ ಆ ಧ್ವನಿಗಳನ್ನು ಯಾವ ಯಂತ್ರವೂ ಓದೀತು. ಇನ್ನೊಂದು ರೀಪರ್, 2006ರದು. ಒಂದು ಕಾಲಕ್ಕೆ ಎಲ್ಲರ ಗಣಕಯಂತ್ರದಲ್ಲೂ ಹಾಡುತ್ತಿದ್ದ ವಿನ್‌ಆಂಪ್ ರೂಪಿಸಿದ ಜಸ್ಟಿನ್ ಫ್ರಾಂಕೆಲ್ ಇದರ ಕರ್ತೃ. ವರ್ಷದ ವರಮಾನ 20,000 ಡಾಲರ್ ಮೀರದವರಿಗೆ ಬೆಲೆ 60 ಡಾಲರ್. ಎಡವುವ ಪ್ಲಗ್‌ಇನ್ನನ್ನು ಬೇರೆ ಕೋಣೆಯಲ್ಲಿ ಕೂಡಿಹಾಕಿ ನಡೆಸುವ ವ್ಯವಸ್ಥೆ ಅದರಲ್ಲಿದೆ. ಕೊಳಲು ಸತ್ತರೆ ಕೊಳಲಷ್ಟೇ ಸಾಯುತ್ತದೆ, ಪೇಟಿಯ ರೀಡಿನಂತೆ. ಯೋಜನೆಯ ಕಡತವೂ ಸಾದಾ ಅಕ್ಷರದಲ್ಲಿರುವುದರಿಂದ ಕಣ್ಣಿನಿಂದಲೇ ಓದಬಹುದು. ಅರವತ್ತು ದಿನ ಪರೀಕ್ಷಿಸಿ ನೋಡಿ ಎನ್ನುತ್ತದೆ. ಅವಧಿ ಮುಗಿದ ಮೇಲೆ ಬೀಗ ಹಾಕುವುದಿಲ್ಲ, ತೆರೆದಾಗಲೆಲ್ಲ ಹಣ ಕೊಡಲಿಲ್ಲವೆಂದು ನೆನಪಿಸುತ್ತದೆ, ಅಷ್ಟೇ. ಬೀಗ ಒಡೆಯುವುದನ್ನೇ ಅಭ್ಯಾಸಮಾಡಿಕೊಂಡ ನಮ್ಮನ್ನು ಬೀಗವಿಲ್ಲದ ಬಾಗಿಲೊಂದು ಹೀಗೆ ನೋಡುತ್ತ ನಿಂತಿರುವುದು ನನ್ನ ಮಟ್ಟಿಗೆ ಯಾವ ಉಪದೇಶಕ್ಕಿಂತಲೂ ಹೆಚ್ಚಿನ ಮುಜುಗರ ತಂದಿತು.

ಇದನ್ನೆಲ್ಲ ಗಂಗಾವತಿಯ ಆ ಮಿತ್ರನ ಮುಂದೆ ಉತ್ಸಾಹದಿಂದ ಹೇಳಿದಾಗ ಅವನು ನಕ್ಕ. ‘ಸರ, ಹುಬ್ಬಳ್ಳಿಯಿಂದ ವಾದ್ಯದವರು ಕಳಸೋ ಫೈಲು ಹಳೇ ತಂತ್ರಾಂಶದ್ದ ಇರ್ತಾವು. ನಾ ಒಬ್ಬನ ಬದಲಾದ್ರ ಕೆಲಸ ಬರಂಗಿಲ್ಲ’ ಎಂದ. ಅವನ ಮಾತಿನಲ್ಲಿ ಹುರುಳಿತ್ತು. ತಂತ್ರಾಂಶವೆಂದರೆ ಒಂದು ಉಪಕರಣವಷ್ಟೇ ಅಲ್ಲ, ಒಂದು ಸಂತೆ. ಎಲ್ಲರೂ ಬರುವ ಸಂತೆಗೇ ಎಲ್ಲರೂ ಹೋಗುತ್ತಾರೆ. ಬೇರೆ ಬೇರೆ ತಂತ್ರಾಂಶಗಳ ನಡುವೆ ಯೋಜನೆಗಳನ್ನು ಸಾಗಿಸಲು ಡಾ-ಪ್ರಾಜೆಕ್ಟ್ ಎಂಬ ಮುಕ್ತ ರೂಪವೊಂದು 2023ರಲ್ಲಿ ಬಂದಿದೆ. ಅದು ಗಂಗಾವತಿಯ ಸಂತೆಗೆ ತಲುಪಲು ಇನ್ನೆಷ್ಟು ವರ್ಷ ಬೇಕೋ. ಆದರೂ ಆಗಬಾರದ್ದೇನಲ್ಲ. ಸ್ವರಗಳನ್ನು ಯಂತ್ರದಿಂದ ಯಂತ್ರಕ್ಕೆ ಹೇಳುವ ಮಿಡಿ ಎಂಬ ಸಂಕೇತಭಾಷೆಯನ್ನು 1983ರಲ್ಲಿ ಪೈಪೋಟಿಯ ಕಂಪನಿಗಳೇ ಕೂಡಿ ಒಪ್ಪಿಕೊಂಡವು. ಅಂದಿನ ಕೀಬೋರ್ಡು ಇಂದಿನ ಗಣಕಯಂತ್ರದೊಡನೆ ಈಗಲೂ ಮಾತಾಡುತ್ತದೆ. ವೇವ್ ಕಡತ 1991ರದು, ಇವತ್ತಿಗೂ ಎಲ್ಲೆಡೆ ತೆರೆಯುತ್ತದೆ. ಉಳಿದದ್ದು ಬಡ, ಸಾದಾ, ಎಲ್ಲರಿಗೂ ಸೇರಿದ ರೂಪಗಳೇ.

ಕೊನೆಗೆ ಅವನು ಅರ್ಧ ದಾರಿಗೆ ಬಂದ. ವಾದ್ಯದ ಕೆಲಸ ಹಳೆಯದರಲ್ಲಿಯೇ, ಈಗ ಹಣ ಕೊಟ್ಟು ಕೊಂಡ ಪ್ರತಿಯಲ್ಲಿ. ಮನುಷ್ಯರ ಧ್ವನಿಯನ್ನು ಮಾತ್ರ ಪ್ಲಗ್‌ಇನ್ ಒಂದೂ ಇಲ್ಲದ ಬೋಳು ತಂತ್ರಾಂಶದಲ್ಲಿ ಮುದ್ರಿಸಿ, ಒಡನೆಯೇ ವೇವ್ ಮಾಡಿ ಎರಡು ಕಡೆ ಇಡುತ್ತಾನೆ. ಕ್ಲಿಕ್ಕು ಬೇಕೋ ಬೇಡವೋ ಎಂದು ಹಾಡುವವರನ್ನು ಕೇಳುತ್ತಾನೆ. ಎಲ್ಲವನ್ನೂ ಒಮ್ಮೆಲೇ ಬದಲಿಸಬೇಕೆಂದು ಹಟ ಹಿಡಿದಿದ್ದ ನನಗೆ ಇದು ಆಗ ರಾಜಿಯೆಂದು ತೋರಿತ್ತು. ಈಗ ಹಾಗೆನಿಸುವುದಿಲ್ಲ. ಸ್ವರ ತಿದ್ದುವುದನ್ನು ಮಾತ್ರ ಅವನು ಬಿಟ್ಟಿಲ್ಲ. ಗಿರಾಕಿಗಳು ಕೇಳುತ್ತಾರೆ ಎನ್ನುತ್ತಾನೆ. ಆ ಜಗಳ ನಮ್ಮಿಬ್ಬರ ನಡುವೆ ಇನ್ನೂ ಇದೆ.

ಹಳೆಯ ಕಡತ ಸಿಕ್ಕ ವಾರವೇ ನಾನು ಅದನ್ನು ಫೋನಿಗೆ ಹಾಕಿಕೊಂಡು ಯಲಬುರ್ಗಾ ಕಡೆಯ ಬಸ್ಸು ಹತ್ತಿದ್ದೆ. ತಾಯಿ ಕಟ್ಟೆಯ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದರು. ಫೋನನ್ನು ಅವರ ಕಿವಿಯ ಬಳಿ ಹಿಡಿದೆ. ಮೊದಲ ನುಡಿಗೆ ಅವರ ಕೈ ನಿಂತಿತು. ಆರು ನಿಮಿಷ ಅಲ್ಲಾಡದೆ ಕೇಳಿದರು. ಹಾಡು ಸಾಲಿನ ನಡುವೆ ಕಡಿದುಹೋದಾಗ, ಅದು ಕಡಿದದ್ದೇ ತಿಳಿಯದವರಂತೆ, ಅದೇ ಶ್ರುತಿಯಲ್ಲಿ ಉಳಿದರ್ಧ ಸಾಲನ್ನು ತಾವೇ ಎತ್ತಿಕೊಂಡು, ಮುಂದಿನ ನುಡಿಗಳನ್ನೂ ಹಾಡಿ ಮುಗಿಸಿದರು. ಕೈಯಲ್ಲಿರುವ ಫೋನಿನಲ್ಲೇ ಮುದ್ರಿಸಿಕೊಳ್ಳಬಹುದಿತ್ತೆಂದು ನನಗೆ ಹೊಳೆದಾಗ ಅವರು ಮತ್ತೆ ಶೇಂಗಾ ಕೈಗೆತ್ತಿಕೊಂಡಿದ್ದರು.

ಗಣಕಯಂತ್ರ ನಿಂತುಹೋದದ್ದು, ಲೆಕ್ಕ ಸೊನ್ನೆಯಾಗಿದ್ದು, ಎರಡು ವರ್ಷದ ಮೇಲೆ ಸಿಕ್ಕಿದ್ದು, ಎಲ್ಲವನ್ನೂ ನನಗೆ ತಿಳಿದಂತೆ ವಿವರಿಸಿದೆ. ಅವರು ಅದರಲ್ಲಿ ಎಷ್ಟನ್ನು ಕೇಳಿಸಿಕೊಂಡರೋ ಕಾಣೆ.

‘ಹಂಗಾದ್ರ ಅವತ್ತ ನಾ ತಪ್ಪಿದ್ದಿಲ್ಲೇನು ತಮ್ಮಾ?’ ಎಂದರು.